ಸೊಳ್ಳೆ ಮಷಿನ್ ಸೀದ ವಾಸನೆ ಬಿಟ್ಟರೆ ಮೊದಲು ಬತ್ತಿ ನೋಡಿ

ಸೊಳ್ಳೆ ಓಡಿಸುವ ಲಿಕ್ವಿಡ್ ಮಷಿನ್‌ನಿಂದ ಸೀದ ವಾಸನೆ ಬಂದರೆ ಹೆಚ್ಚಿನವರು ದೂರುವುದು ಮಷಿನ್ನನ್ನೇ. ಹೊಸದು ತರುತ್ತಾರೆ, ಹಳೆಯ ಬಾಟಲಿಯನ್ನೇ ಅದಕ್ಕೆ ತಿರುಗಿಸುತ್ತಾರೆ, ಎರಡನೇ ರಾತ್ರಿಗೆ ಅದೇ ವಾಸನೆ. ಕಾರವಾರದ ಸುತ್ತಮುತ್ತ ವೈರಿಂಗ್, ರಿಪೇರಿ ಕೆಲಸ ಮಾಡುತ್ತ ನಾನು ಕಂಡುಕೊಂಡಿದ್ದು ಇಷ್ಟು: ತಪ್ಪು ಬಹುಪಾಲು ಬತ್ತಿಯಲ್ಲಿರುತ್ತದೆ, ಆಮೇಲೆ ಸಾಕೆಟ್ಟಿನಲ್ಲಿ, ಕೊನೆಗೆ ಮಷಿನ್ನಿನಲ್ಲಿ.

ಅದು ಕೆಲಸ ಮಾಡುವ ರೀತಿ ಗೊತ್ತಿದ್ದರೆ ಹುಡುಕುವುದು ಸುಲಭ. ಬಾಟಲಿಯಲ್ಲಿರುವ 45 ಎಂ.ಎಲ್. ದ್ರವದಲ್ಲಿ ಸೊಳ್ಳೆಯ ಔಷಧ ತೀರ ಕಡಿಮೆ. ಲೇಬಲ್ ಮೇಲೆ ಟ್ರಾನ್ಸ್‌ಫ್ಲೂತ್ರಿನ್ ಶೇ 0.88 ಎಂದೋ 1.6 ಎಂದೋ ಬರೆದಿರುತ್ತದೆ. ಉಳಿದದ್ದು ಮುಖ್ಯವಾಗಿ ವಾಸನೆ ತೆಗೆದ, ಸೀಮೆಎಣ್ಣೆ ಜಾತಿಯ ದ್ರಾವಕ. ಸುಮಾರು 7 ಮಿಲಿಮೀಟರ್ ದಪ್ಪದ ಗಟ್ಟಿ ಬತ್ತಿ ಈ ದ್ರವವನ್ನು ಮೇಲೆ ಎಳೆಯುತ್ತದೆ. ಬತ್ತಿಯ ತುದಿ ಬಿಸಿ ಉಂಗುರದ ನಟ್ಟನಡುವೆ, ಎಲ್ಲೂ ತಾಗದೆ ನಿಲ್ಲಬೇಕು. ಉಂಗುರ ನೂರು ಡಿಗ್ರಿ ದಾಟಿ ಕಾದಿರುತ್ತದೆ. ತುದಿಯ ದ್ರವ ಆವಿಯಾದಂತೆ ಕೆಳಗಿನಿಂದ ಮತ್ತಷ್ಟು ಏರುತ್ತದೆ, ಆವಿಯಾಗುವಾಗ ಬತ್ತಿಯ ಒಂದಿಷ್ಟು ಶಾಖವನ್ನೂ ಹೊತ್ತೊಯ್ಯುತ್ತದೆ. ದ್ರವ ಏರುವುದು ನಿಂತಿತೆಂದರೆ ತುದಿಗೆ ತಂಪು ಸಿಗುವುದಿಲ್ಲ. ಅಲ್ಲಿ ಕೂತ ಅಂಟು, ಧೂಳು ಕಾದು ಕರಕಲಾಗುತ್ತದೆ. ಸೀದ ವಾಸನೆ ಹುಟ್ಟುವುದು ಅಲ್ಲಿ.

ಕೈ ಹಾಕುವ ಮೊದಲು ಮೂಗಿಗೆ ಕೆಲಸ ಕೊಡಿ. ಎಣ್ಣೆ ಕಮರಿದ ವಾಸನೆಯಾದರೆ ಬತ್ತಿ. ಪ್ಲಾಸ್ಟಿಕ್ ಸುಟ್ಟಂತಿದ್ದರೆ ಉಂಗುರದ ಸುತ್ತಲಿನ ಕವಚ ಅಥವಾ ಒಳಗಿನ ವೈರು. ಮೂರನೆಯದರ ಬಗ್ಗೆ ನಮ್ಮ ಕರಾವಳಿಯವರು ವಿಶೇಷವಾಗಿ ಎಚ್ಚರ ಇರಬೇಕು: ಸಾಕೆಟ್ಟು, ಸ್ವಿಚ್ಚಿನ ಪ್ಲಾಸ್ಟಿಕ್ ಅತಿಯಾಗಿ ಕಾದಾಗ ಎಷ್ಟೋ ಸಲ ಹಳಸಿದ ಮೀನಿನಂಥ ವಾಸನೆ ಬರುತ್ತದೆ. ಮೀನು ಬೇಯುವ ಮನೆಯಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಡುಗೆಮನೆ ತೊಳೆದ ಮೇಲೂ ಮಲಗುವ ಕೋಣೆಯಲ್ಲಿ ಮೀನಿನ ವಾಸನೆ ಉಳಿದಿದ್ದರೆ ಪ್ಲಗ್ ಬೋರ್ಡಿನ ಹತ್ತಿರ ಹೋಗಿ ಮೂಸಿ ನೋಡಿ.

ಈಗ ಬತ್ತಿ. ಸ್ವಿಚ್ ಆಫ್ ಮಾಡಿ, ಮಷಿನ್ ಕಿತ್ತು, ಅರ್ಧ ಗಂಟೆ ಆರಲು ಬಿಡಿ. ಬಾಟಲಿ ತಿರುಗಿಸಿ ತೆಗೆದು ಬೆಳಕಿಗೆ ಹಿಡಿಯಿರಿ. ಮೊದಲೇ ಕಪ್ಪಗಿರುವ ಕಾರ್ಬನ್ ಬತ್ತಿಯಲ್ಲಿ ಬಣ್ಣ ನೋಡಿ ಏನೂ ತಿಳಿಯದು, ತುದಿಯ ಹೊಳಪು ನೋಡಬೇಕು. ಅರಗು ಬಳಿದ ಹಾಗೆ ಮಿನುಗುತ್ತಿದ್ದರೆ ರಂಧ್ರಗಳು ಕಟ್ಟಿವೆ. ಬಿಳಿ ಬತ್ತಿಯಾದರೆ ತುದಿ ಸ್ವಲ್ಪ ಹಳದಿಯಾಗುವುದು ಸಹಜ, ಕಂದು ದಾಟಿ ಕರಿಯಾದರೆ ಅದರ ಕೆಲಸ ಮುಗಿಯಿತು. ತುದಿಯನ್ನು ಟಿಶ್ಯೂ ಕಾಗದಕ್ಕೆ ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಎಣ್ಣೆಯ ಗುರುತು ಮೂಡಿದರೆ ದ್ರವ ಏರುತ್ತಿದೆ. ಬಾಟಲಿಯಲ್ಲಿ ದ್ರವ ಇದ್ದೂ ಕಾಗದ ಒಣಗಿಯೇ ಉಳಿದರೆ ಬತ್ತಿ ಕಟ್ಟಿಕೊಂಡಿದೆ. ಆಮೇಲೆ ಕೈ ಸೋಪು ಹಾಕಿ ತೊಳೆಯಿರಿ.

ಕಟ್ಟಿದ ಬತ್ತಿಯನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಮತ್ತೆ ಹಾಕುವವರಿದ್ದಾರೆ. ನಾನು ಮಾಡುವುದಿಲ್ಲ, ಮಾಡಲು ಹೇಳುವುದೂ ಇಲ್ಲ. ಉಜ್ಜಿದ್ದು ಮೇಲ್ಮೈ ಮಾತ್ರ, ಅಂಟು ಒಳಗಿನ ರಂಧ್ರದಲ್ಲೇ ಇರುತ್ತದೆ. ಉದುರಿದ ಪುಡಿ ಉಂಗುರಕ್ಕೆ ಬಿದ್ದು ತಾನೂ ಸೀಯುತ್ತದೆ.

ಬಾಟಲಿ ಹಾಕಿದ ದಿನವೇ ಅದರ ಮೇಲೆ ಮಾರ್ಕರ್‌ನಿಂದ ತಾರೀಕು ಬರೆದು, ದ್ರವದ ಮಟ್ಟಕ್ಕೆ ಒಂದು ಗೆರೆ ಎಳೆಯುವ ರೂಢಿ ಮಾಡಿಕೊಳ್ಳಿ. ಸಾಧಾರಣ ಮೋಡಿನಲ್ಲಿ ಗಂಟೆಗೆ ಹೆಚ್ಚುಕಡಿಮೆ 0.1 ಎಂ.ಎಲ್. ಖರ್ಚಾಗುತ್ತದೆ. ರಾತ್ರಿಗೆ ಹತ್ತು ಗಂಟೆ ಹಾಕಿದರೆ ಬಾಟಲಿ ಸುಮಾರು 45 ರಾತ್ರಿ ಬರಬೇಕು. ಇಪ್ಪತ್ತೇ ರಾತ್ರಿಗೆ ಬರಿದಾದರೆ ಉಂಗುರ ಅತಿಯಾಗಿ ಕಾಯುತ್ತಿದೆ, ಇಲ್ಲವೇ ಮಷಿನ್ ಸದಾ ಹೈ ಮೋಡಿನಲ್ಲಿದೆ. ಎರಡು ತಿಂಗಳಾದರೂ ಅರ್ಧ ಉಳಿದಿದ್ದರೆ ಬತ್ತಿ ಕಟ್ಟಿದೆ, ಅಥವಾ ಉಂಗುರ ಕಾಯುತ್ತಲೇ ಇಲ್ಲ. ಕೆಂಪು ದೀಪ ಉರಿಯುತ್ತಿದೆಯಲ್ಲ ಎಂದು ನಂಬಬೇಡಿ. ಎಷ್ಟೋ ಮಷಿನ್‌ಗಳಲ್ಲಿ ದೀಪದ ದಾರಿ ಬೇರೆ, ಉಂಗುರದ ದಾರಿ ಬೇರೆ. ಉಂಗುರ ಸತ್ತರೂ ದೀಪ ಉರಿಯುತ್ತದೆ.

ದ್ರವ ತಳದಿಂದ ಅರ್ಧ ಸೆಂಟಿಮೀಟರಿಗೆ ಇಳಿದಾಗ ಬಾಟಲಿ ಬದಲಿಸಿ. ಕೊನೆಯ ಹನಿ ಎಳೆಯಲಿ ಎಂದು ಬಿಟ್ಟರೆ ಒಣ ಬತ್ತಿ ಇಡೀ ರಾತ್ರಿ ಕಾಯುತ್ತದೆ, ವಾಸನೆ ಉಂಗುರಕ್ಕೂ ಹತ್ತುತ್ತದೆ, ಆಮೇಲೆ ಹೊಸ ಬಾಟಲಿ ಹಾಕಿದರೂ ಕೆಲವು ದಿನ ಹೋಗುವುದಿಲ್ಲ.

ಬತ್ತಿಯೋ ಮಷಿನ್ನೋ ಎಂದು ಖಚಿತವಾಗದಿದ್ದರೆ ಬೇರೆ ಸಾಕೆಟ್ಟಿನಲ್ಲಿ ಅದಲುಬದಲು ಮಾಡಿ: ಅದೇ ಕಂಪನಿಯ ಹೊಸ ಬಾಟಲಿ ಹಳೆಯ ಮಷಿನ್‌ಗೆ, ಹಳೆಯ ಬಾಟಲಿ ಸರಿಯಿರುವ ಇನ್ನೊಂದು ಮಷಿನ್‌ಗೆ. ವಾಸನೆ ಯಾವುದರ ಜೊತೆ ಹೋಯಿತೋ ದೋಷ ಅದರದ್ದು. ಎರಡರಲ್ಲೂ ಬಾರದೆ ಹೋದರೆ ಮೊದಲಿದ್ದ ಸಾಕೆಟ್ಟನ್ನು ಅನುಮಾನಿಸಿ. ಅದೇ ಕಂಪನಿ ಎಂದು ಒತ್ತಿ ಹೇಳಲು ಕಾರಣವಿದೆ. ಬೇರೆ ಕಂಪನಿಯ ಬಾಟಲಿಯ ತಿರುಪು ಕೂತರೂ ಬತ್ತಿಯ ಎತ್ತರ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾಗಬಹುದು, ಬತ್ತಿ ಒಂದು ಬದಿಗೆ ವಾಲಿ ಉಂಗುರಕ್ಕೆ ತಾಗಬಹುದು. ತಾಗಿದ ಕಡೆ ಮಾತ್ರ ಕರಿ ಪಟ್ಟೆ ಕಾಣುತ್ತದೆ.

ವೋಲ್ಟೇಜಿನ ವಿಷಯ ಶಿರಸಿ ಕಡೆಯ ಹಳ್ಳಿಗಳವರಿಗೆ ಹೆಚ್ಚು ಅನ್ವಯಿಸುತ್ತದೆ. ಕಾಡಿನ ನಡುವೆ ಬರುವ ಉದ್ದನೆಯ ಲೈನು, ಸಂಜೆ ದೀಪ ಮಂಕು, ನಡುರಾತ್ರಿ ಪಂಪುಗಳು ನಿಂತ ಮೇಲೆ ಏರಿಕೆ. ಒಳ್ಳೆಯ ಮಷಿನ್‌ನಲ್ಲಿ ಪಿಟಿಸಿ ಎಂಬ ಬಿಲ್ಲೆ ಇರುತ್ತದೆ. ಬಿಸಿ ಏರಿದಂತೆ ಅದರ ಪ್ರತಿರೋಧವೂ ಏರಿ ಶಾಖ ತಾನಾಗಿ ಹತೋಟಿಗೆ ಬರುತ್ತದೆ. ಅಗ್ಗದ ಮಾಲಿನಲ್ಲಿ ಬರೀ ರೆಸಿಸ್ಟರ್, ಅಂದರೆ ಕರೆಂಟ್ ಹರಿದಾಗ ಸುಮ್ಮನೆ ಕಾಯುವ ಬಿಡಿಭಾಗ. ಅದರ ಶಾಖ ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಬದಲಾಗುತ್ತದೆ: 230 ವೋಲ್ಟ್ ಇದ್ದದ್ದು 260 ಆದರೆ ಶೇ 28ರಷ್ಟು ಹೆಚ್ಚು, 180ಕ್ಕೆ ಇಳಿದರೆ ಶೇ 39ರಷ್ಟು ಕಡಿಮೆ. ಕಡಿಮೆ ಶಾಖದಲ್ಲಿ ದ್ರವದ ಭಾರದ ಅಂಶ ಬತ್ತಿಯಲ್ಲೇ ಕೂರುತ್ತದೆ, ಶಾಖ ಏರಿದಾಗ ಅದೇ ಸೀಯುತ್ತದೆ. ಮಲ್ಟಿಮೀಟರ್ ಇದ್ದರೆ, ಪ್ಲಗ್ ಕಿತ್ತ ಮಷಿನ್ನಿನ ಎರಡು ಪಿನ್‌ಗಳ ನಡುವೆ ಅಳೆಯಿರಿ. 5 ವ್ಯಾಟಿನ ರೆಸಿಸ್ಟರ್ ಮಷಿನ್ ಸುಮಾರು 10.5 ಕಿಲೋ ಓಮ್ ತೋರಿಸಬೇಕು. ಪಿಟಿಸಿಯ ಅಳತೆ ಕಂಪನಿಯಿಂದ ಕಂಪನಿಗೆ ಬೇರೆ, ಆದರೆ ಸೊನ್ನೆಯ ಹತ್ತಿರವೂ ಇರಬಾರದು, ಅಳತೆಯೇ ಸಿಗದಂತೆಯೂ ಇರಬಾರದು.

ಕಾರವಾರದ ನಿಜವಾದ ಶತ್ರು ಉಪ್ಪುಗಾಳಿ. ಸಮುದ್ರಕ್ಕೆ ಹತ್ತಿರದ ಮನೆಗಳಲ್ಲಿ ಪ್ಲಗ್ಗಿನ ಹಿತ್ತಾಳೆ ಪಿನ್ ಹಸಿರುಗಟ್ಟುತ್ತದೆ. ಹಸಿರುಗಟ್ಟಿದ್ದರಿಂದಲೇ ಪಿನ್ ಕಾಯುತ್ತದೆ ಎನ್ನುವುದು ಸರಿಯಲ್ಲ. 5 ವ್ಯಾಟಿನ ಮಷಿನ್ ಎಳೆಯುವುದು 22 ಮಿಲಿ ಆಂಪಿಯರ್ ಮಾತ್ರ, ಅಷ್ಟರಿಂದ ಪಿನ್ ಬಿಸಿಯಾಗದು. ಅಪಾಯ ಎರಡು ಕಡೆ. ಒಂದು, ಅದೇ ಮಲ್ಟಿಪ್ಲಗ್ಗಿಗೆ ಇಸ್ತ್ರಿ ಪೆಟ್ಟಿಗೆಯನ್ನೋ ನೀರು ಕಾಯಿಸುವ ಕೆಟಲ್ಲನ್ನೋ ಹಾಕುವುದು. ಇನ್ನೊಂದು, ಮಳೆಗಾಲದ ತೇವದಲ್ಲಿ ಉಪ್ಪು, ಧೂಳು ಸೇರಿ ಸಾಕೆಟ್ಟಿನ ರಂಧ್ರಗಳ ನಡುವೆ ಪದರ ಕಟ್ಟುವುದು. ಅದರ ಮೂಲಕ ಕರೆಂಟ್ ಸಣ್ಣಗೆ ಹರಿದು ಪ್ಲಾಸ್ಟಿಕ್ಕಿನ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಮೂಡುತ್ತದೆ. ಆ ಗೆರೆ ಕಂಡರೆ ಒರೆಸಿ ಬಿಡಬೇಡಿ, ಸಾಕೆಟ್ಟನ್ನೇ ಬದಲಿಸಿ. ಹೊರಗೋಡೆಯಲ್ಲಿ ನೀರು ಜಿನುಗುವ ಕಡೆಯ ಬೋರ್ಡಿಗೆ ಮಳೆಗಾಲದಲ್ಲಿ ಮಷಿನ್ ಹಾಕುವುದೇ ಬೇಡ.

ಹೆಂಚಿನ ಮನೆಗಳಲ್ಲಿ ಹಲ್ಲಿಮರಿ, ಸಣ್ಣ ಇರುವೆ, ಜೇಡರ ಬಲೆ ಕೂಡ ಉಂಗುರದೊಳಗೆ ಸಿಕ್ಕಿ ಸೀಯುತ್ತವೆ. ಟಾರ್ಚ್ ಹಾಕಿ ಮೇಲಿನಿಂದ ನೋಡಿದರೆ ಸಾಕು. ಉಂಗುರ ಒರೆಸಲು ಒಣ ಕಿವಿಕಡ್ಡಿ ಬಳಸಿ, ಅಂಟಿದ್ದರೆ ಕಡ್ಡಿಗೆ ಒಂದೆರಡು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್. ಪೂರ್ತಿ ಆರುವವರೆಗೆ ಪ್ಲಗ್ಗಿಗೆ ಹಾಕಬೇಡಿ. ನೀರು ಬೇಡ, ಚಾಕುವಿನ ತುದಿ ಬೇಡ. ಮಷಿನ್ ಬಿಚ್ಚಿ ರಿಪೇರಿ ಮಾಡುವುದೂ ಬೇಡ. ಹೊಸದರ ಬೆಲೆ ಸಾಮಾನ್ಯವಾಗಿ ಒಂದು ಕಿಲೋ ಬಂಗಡೆಗಿಂತ ಕಡಿಮೆಯೇ.

ಖಾಲಿ ಬಾಟಲಿಗೆ ಬಿಡಿ ಔಷಧ, ಸೀಮೆಎಣ್ಣೆ ಬೆರೆಸಿ ತುಂಬುವ ಅಭ್ಯಾಸ ಕೆಲವು ಕಡೆ ಇದೆ. ದಯವಿಟ್ಟು ಮಾಡಬೇಡಿ. ಸಾದಾ ಸೀಮೆಎಣ್ಣೆಯ ಆವಿ 40 ಡಿಗ್ರಿ ಆಸುಪಾಸಿನಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳಬಲ್ಲದು, ಪಕ್ಕದಲ್ಲಿರುವ ಉಂಗುರ ಅದರ ಎರಡು ಪಟ್ಟಿಗಿಂತ ಹೆಚ್ಚು ಕಾದಿರುತ್ತದೆ, ಮೇಲೆ ಪರದೆ ತೂಗುತ್ತಿರುತ್ತದೆ. ಬತ್ತಿಯೂ ಹಳೆಯದೇ ಆದ್ದರಿಂದ ಸೀದ ವಾಸನೆಯಂತೂ ತಪ್ಪುವುದಿಲ್ಲ. ಬಾಟಲಿಯಲ್ಲಿ ಉಳಿದದ್ದನ್ನು ಬಾವಿಕಟ್ಟೆಯ ಹತ್ತಿರವಾಗಲಿ, ಹಳ್ಳಕ್ಕಾಗಲಿ ಚೆಲ್ಲಬೇಡಿ. ಈ ಜಾತಿಯ ಔಷಧ ಮೀನು, ಸಿಗಡಿ, ಏಡಿಗಳಿಗೆ ತೀರ ಸ್ವಲ್ಪ ಪ್ರಮಾಣದಲ್ಲೂ ವಿಷ; ಮನೆಯಲ್ಲಿ ಮೀನಿನ ತೊಟ್ಟಿ ಇದ್ದರೆ ಆ ಕೋಣೆಗೆ ಮಷಿನ್ನೇ ಬೇಡ. ಮುಚ್ಚಳ ಬಿಗಿದು, ಬಾಟಲಿಯನ್ನು ಕಾಗದದಲ್ಲಿ ಸುತ್ತಿ, ಕಸದ ಗಾಡಿಯವರಿಗೆ ಬೇರೆಯಾಗಿ ಕೊಡಿ.