ಯಂತ್ರದ ಪಾಠ ವಾರ್ಡಿನಲ್ಲೇ ಆಗಲಿ

ಆಸ್ಪತ್ರೆಯಲ್ಲಿ ಯಂತ್ರ ಸುರಕ್ಷತೆಯ ಕ್ಲಾಸ್ ಹೇಗಿರುತ್ತದೆ ಗೊತ್ತಲ್ವಾ? ವರ್ಷಕ್ಕೊಮ್ಮೆ ಎಸಿ ಹಾಲ್, ಪಿಪಿಟಿ, ಹಾಜರಿ ಸಹಿ, ಚಹಾ, ಗೋಳಿಬಜೆ. ನಾನು ಮಂಗಳೂರಿನ ಆಸ್ಪತ್ರೆಯೊಂದರ ಬಯೋಮೆಡಿಕಲ್ ವಿಭಾಗದವನು, ಅಂದರೆ ಯಂತ್ರಗಳನ್ನು ನೋಡಿಕೊಳ್ಳುವವನು. ಗೋಳಿಬಜೆ ಬಗ್ಗೆ ತಕರಾರಿಲ್ಲ. ಆದರೆ ಯಂತ್ರವನ್ನು ದಿನವಿಡೀ ತಳ್ಳುವ, ಒರೆಸುವ ಅಟೆಂಡರ್, ಆಯಾಗಳು ಆ ಹಾಲ್‌ನಲ್ಲಿ ಇರುವುದೇ ಇಲ್ಲ. ಹಾಗಾಗಿ ಮೊದಲ ಪಾಠ ಅವರಿಗೇ ಮಾಡಿ.

ಏನು ಹೇಳಬೇಕು? ಸ್ವಿಚ್‌ನಿಂದ ಶುರು ಮಾಡಿ. ಗುಡಿಸಿ ಮುಗಿದ ಮೇಲೆ ಕರೆಂಟ್ ಉಳಿಸೋಣ ಅಂತ ಪ್ಲಗ್ ಪಾಯಿಂಟ್ ಆಫ್ ಮಾಡುವುದು ಮನೆಯಲ್ಲಿ ಒಳ್ಳೆಯ ಅಭ್ಯಾಸ. ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಚಾರ್ಜ್ ಆಗುವ ಪಾಯಿಂಟ್‌ನಲ್ಲಿ ಅದೇ ಅಭ್ಯಾಸ ಅಪಾಯ. ಬ್ಯಾಟರಿ ಖಾಲಿಯಾದದ್ದು ಗೊತ್ತಾಗುವುದು ಕೋಡ್ ಬ್ಲೂ ಆದಾಗ, ಅಂದರೆ ರೋಗಿಯ ಹೃದಯವೋ ಉಸಿರೋ ನಿಂತು ತುರ್ತು ಕರೆ ಬಂದಾಗ. ಕನ್ನಡ, ಮಲಯಾಳಂ ಎರಡರಲ್ಲೂ ಸ್ಟಿಕ್ಕರ್ ಅಂಟಿಸಿ. ಅದಕ್ಕಿಂತ ಜಾಸ್ತಿ ಕೆಲಸ ಮಾಡುವುದು ಪಕ್ಕದಲ್ಲಿ ನಿಂತು ತುಳುವಿನಲ್ಲಿ ಹೇಳುವ ಒಂದು ಮಾತು: "ಅಕ್ಕಾ, ಈ ಸ್ವಿಚ್ ಬಂದ್ ಮಲ್ಪೊಡ್ಚಿ" (ಬಂದ್ ಮಾಡಬೇಡಿ). ಯಾಕೆ ಅಂತಲೂ ಹೇಳಿ. ಕಾರಣ ಗೊತ್ತಾದರೆ ಅವರೇ ಬೇರೆಯವರನ್ನು ತಡೆಯುತ್ತಾರೆ.

ಎಂಆರ್‌ಐ ಇದ್ದರೆ ಅದನ್ನೂ ಇವರಿಗೇ ಮೊದಲು ತಿಳಿಸಿ. ಸ್ಕ್ಯಾನ್ ನಡೆಯದಿದ್ದರೂ, ಕರೆಂಟ್ ಹೋದರೂ ಅದರ ಆಯಸ್ಕಾಂತ ಆಫ್ ಆಗುವುದಿಲ್ಲ. 2018ರಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಗೆ ಹೋದವರನ್ನು ಯಂತ್ರ ಎಳೆದುಕೊಂಡಿತು, ಅವರು ತೀರಿಕೊಂಡರು. ಅವರು ರೋಗಿಯ ಕಡೆಯವರು. ಅಂಥವರನ್ನು ಬಾಗಿಲಲ್ಲೇ ತಡೆಯಲು ಅಟೆಂಡರ್, ಆಯಾಗಳಿಗೆ ಇದು ಗೊತ್ತಿರಬೇಕು.

ಸಿಸ್ಟರ್‌ಗಳಿಗೆ ಪಾಠ ಶಿಫ್ಟ್ ಹ್ಯಾಂಡೋವರ್ ಹೊತ್ತಿಗೆ, ಹತ್ತೇ ನಿಮಿಷ, ಒಂದು ಸಲಕ್ಕೆ ಒಂದೇ ಯಂತ್ರ. ಸಲೈನ್, ಔಷಧಿಯನ್ನು ಲೆಕ್ಕದಂತೆ ರಕ್ತನಾಳಕ್ಕೆ ಬಿಡುವ ಇನ್ಫ್ಯೂಷನ್ ಪಂಪ್ ತೆಗೆದುಕೊಳ್ಳಿ. ಸಲೈನ್ ಬಾಟಲಿ ನೇತುಹಾಕಿ, ಲೈನಿನ ತುದಿಯನ್ನು ಬಕೆಟ್‌ಗೆ ಬಿಡಿ. ಗಂಟೆಗೆ 5 ಎಂಎಲ್ ಸೆಟ್ ಮಾಡಿ. ಹನಿ ಬೀಳುವುದನ್ನು ಕಾಯಲು ಬೇಜಾರಾಗುವಷ್ಟು ನಿಧಾನ. ಈಗ ಲೈನನ್ನು ಒತ್ತಿ ಹರಿವು ನಿಲ್ಲಿಸುವ ರೋಲರ್ ಕ್ಲ್ಯಾಂಪ್ ಮುಚ್ಚದೆ ಪಂಪಿನ ಬಾಗಿಲು ತೆರೆದು ಲೈನ್ ಹೊರಗೆ ತೆಗೆಯಿರಿ. ತಾನಾಗಿ ತಡೆಯುವ ಕ್ಲಿಪ್ ಇಲ್ಲದ ಹಳೆಯ ಪಂಪ್ ಆದರೆ ನೀರು ಸರಸರ ಹರಿಯುತ್ತದೆ. ಆಗ ಕೇಳಿ, "ಬಾಟಲಿಯಲ್ಲಿ ನಾರ್‌ಅಡ್ರಿನಲಿನ್ ಇದ್ದಿದ್ದರೆ?" ರಕ್ತದೊತ್ತಡ ಏರಿಸುವ ಆ ಔಷಧಿ ಹೀಗೆ ಹರಿದರೆ ಏನಾಗುತ್ತದೆ ಅಂತ ಸಿಸ್ಟರ್‌ಗಳಿಗೆ ಮುಂದೆ ವಿವರಿಸಬೇಕಾಗಿಲ್ಲ. ಬಳಿಕ ಒಬ್ಬೊಬ್ಬರೂ ಮೊದಲು ಕ್ಲ್ಯಾಂಪ್ ಮುಚ್ಚಿ, ಆಮೇಲೆ ಬಾಗಿಲು ತೆರೆಯಲಿ. ನೋಡಿದರೆ ಸಾಲದು, ಕೈಯಲ್ಲಿ ಮಾಡಬೇಕು.

ಸಿರಿಂಜನ್ನು ನಿಧಾನವಾಗಿ ಒತ್ತಿ ಔಷಧಿ ಬಿಡುವ ಸಿರಿಂಜ್ ಪಂಪಿನ ದಿನ ಒಂದೇ ಪ್ರಶ್ನೆ: ಪರದೆಯಲ್ಲಿರುವ ಬ್ರ್ಯಾಂಡ್ ಮತ್ತು ಹಾಕಿರುವ ಸಿರಿಂಜ್ ಒಂದೇನಾ? ಬೇರೆ ಕಂಪನಿಯ 50 ಎಂಎಲ್ ಸಿರಿಂಜಿನ ಒಳವ್ಯಾಸ ಬೇರೆ ಇರಬಹುದು. ಪಂಪ್ ಲೆಕ್ಕ ಹಾಕುವುದು ಆ ವ್ಯಾಸದ ಮೇಲೆಯೇ. ಸ್ಟೋರ್‌ನವರು ಬ್ರ್ಯಾಂಡ್ ಬದಲಿಸಿದಾಗ ವಾರ್ಡಿಗೆ ಹೇಳುವ ಪದ್ಧತಿ ಇಲ್ಲದಿದ್ದರೆ ಈ ಪಾಠ ದಂಡ. ಸ್ಟೋರ್‌ನವರನ್ನೂ ಕರೆಯಿರಿ.

ಮಾನಿಟರಿನ ಅಲಾರಂ ಬಗ್ಗೆ ಸುಮ್ನೆ ಬೈದು ಪ್ರಯೋಜನವಿಲ್ಲ. ಇಡೀ ರಾತ್ರಿ ಸುಳ್ಳು ಅಲಾರಂ ಕೇಳಿದವರು ಮ್ಯೂಟ್ ಒತ್ತಿಯೇ ಒತ್ತುತ್ತಾರೆ. ಶಿಫ್ಟ್ ಶುರುವಿನಲ್ಲಿ ಆ ರೋಗಿಗೆ ತಕ್ಕ ಮಿತಿ ಹಾಕಲು ಕಲಿಸಿ. ಆಕ್ಸಿಜನ್ ಅಳೆಯುವ ಕ್ಲಿಪ್ ಹಾಕಿದ ಬೆರಳು ತಣ್ಣಗಿದೆಯಾ, ನೈಲ್ ಪಾಲಿಶ್ ಇದೆಯಾ ನೋಡಲು ಹೇಳಿ.

ನಮ್ಮ ಕರಾವಳಿಗೆ ಇನ್ನೊಂದು ಪಾಠ ಬೇಕು, ಮಳೆಗಾಲಕ್ಕೆ ಮೊದಲೇ. ಉಪ್ಪುಗಾಳಿ, ತೇವಕ್ಕೆ ಕನೆಕ್ಟರ್ ಪಿನ್‌ಗಳು ಹಸಿರುಗಟ್ಟುತ್ತವೆ. ತಣ್ಣನೆಯ ಆಪರೇಷನ್ ಥಿಯೇಟರಿನಿಂದ ಹೊರಗೆ ತಂದ ಯಂತ್ರದ ಮೇಲೆ ನೀರು ಬೆವರುತ್ತದೆ. ಒಣಗುವ ತನಕ ಆನ್ ಮಾಡಬಾರದು. ಪ್ಲಗ್ ಹೊಂದುವುದಿಲ್ಲ ಅಂತ ಅರ್ತ್ ಪಿನ್ ಮುರಿಯುವ ಮಹಾನುಭಾವರು ಇನ್ನೂ ಇದ್ದಾರೆ. ಅಂಥ ಪ್ಲಗ್ ಕಂಡರೆ ಯಂತ್ರ ಹೊರಗಿಡಿ.

ಏನಾದರೂ ಎಡವಟ್ಟಾದರೆ "ಯಾರು ಮಾಡಿದ್ದು?" ಅಂತ ಶುರು ಮಾಡಬೇಡಿ. ಹಾಗೆ ಕೇಳಿದರೆ ಮುಂದಿನ ಸಲ ಯಂತ್ರ ಸದ್ದಿಲ್ಲದೆ ಮೂಲೆ ಸೇರುತ್ತದೆ. ಮೊದಲು ರೋಗಿಯನ್ನು ನೋಡಿ. ಆಮೇಲೆ ಯಂತ್ರಕ್ಕೆ ಕೆಂಪು ಚೀಟಿ ಕಟ್ಟಿ, ಟ್ಯೂಬ್, ಸಿರಿಂಜ್ ಸಮೇತ ಎತ್ತಿಡಿ. ತೊಳೆಯಬೇಡಿ. ಸೆಟ್ಟಿಂಗ್, ಸಮಯ, ಸೀರಿಯಲ್ ನಂಬರ್ ಬರೆದಿಡಿ. 2015ರಿಂದ ದೇಶದಲ್ಲಿ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಇದೆ, ಅಂದರೆ ವೈದ್ಯಕೀಯ ಉಪಕರಣಗಳಿಂದಾದ ತೊಂದರೆಗಳ ವರದಿ ಸಂಗ್ರಹಿಸುವ ವ್ಯವಸ್ಥೆ. ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನಡೆಸುತ್ತದೆ. ವೈದ್ಯರಷ್ಟೇ ಅಲ್ಲ, ನರ್ಸ್, ಟೆಕ್ನಿಷಿಯನ್, ರೋಗಿಯೂ ವರದಿ ಮಾಡಬಹುದು. ಸಹಾಯವಾಣಿ 1800-180-3024.

ಆ ವರದಿಯ ಫಾರಂನ ಒಂದು ಕಟ್ಟು ನರ್ಸಿಂಗ್ ಸ್ಟೇಷನ್ನಿನ ಡ್ರಾಯರ್‌ನಲ್ಲೇ ಇರಲಿ. ನಮ್ಮ ಆಫೀಸಿನ ಬೀರುವಿನಲ್ಲಿಟ್ಟರೆ ಸಂಜೆ ಐದರ ನಂತರ ಯಾರಿಗೂ ಸಿಗುವುದಿಲ್ಲ.