ನಾಲ್ಕನೆಯ ಮಡಕೆಯಲ್ಲಿ ನೊರೆ ಬಂತು

ದಕ್ಷಿಣ ಆಫ್ರಿಕಾದ ಪೀಟರ್‌ಮರಿಟ್ಜ್‌ಬರ್ಗ್‌ನ ನಮ್ಮ ಬೀದಿಯಲ್ಲಿ ನನ್ನ ಉಟ್ಶ್ವಾಲಾ, ಅಂದರೆ ಜೋಳದ ಬಿಯರ್, ಮೊನ್ನೆಯವರೆಗೂ ನಗೆಪಾಟಲಾಗಿತ್ತು. ರೊಟ್ಟಿ ತಟ್ಟುವ ಕೈಗೆ ಜುಲು ಬಿಯರ್ ಒಲಿಯುವುದಿಲ್ಲ ಎಂದು ಪಕ್ಕದ ಮನೆಯ ಗೋಗೋ, ಅಂದರೆ ಅಜ್ಜಿ, ಮುಖಕ್ಕೇ ಹೇಳಿದ್ದರು. ಹೋದ ಶನಿವಾರ ಅವರೇ ಖಾಲಿಯಾದ ಉಖಾಂಬಾವನ್ನು, ಬಿಯರ್ ಕುಡಿಯುವ ಮಣ್ಣಿನ ಮಡಕೆಯನ್ನು, ಎರಡನೆಯ ಸಲ ನನ್ನ ಮುಂದೆ ಚಾಚಿದರು.

ಮೊದಲ ಮೂರು ಸಲ ಸುಮಾರು 600 ರಾಂಡ್ ಮೋರಿಗೆ ಹೋಯಿತು. ಅಗ್ಗವೆಂದು ಬಿತ್ತನೆ ಜೋಳ ತಂದು ಮೊಳಕೆಗೆಂದು ನೆನೆಹಾಕಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗಿತು. ಔಷಧ ಲೇಪಿಸಿದ ಬೀಜ! ಗೋಗೋ ಎದುರು ನಿಂತು ಚೆಲ್ಲಿಸಿದರು. ಎರಡನೆಯ ಸಲ ನಿದ್ದೆಗಣ್ಣಿನಲ್ಲಿ, ಗಂಜಿ ಇನ್ನೂ ಹಬೆಯಾಡುತ್ತಿದ್ದಾಗಲೇ ಮೊಳಕೆ ಜೋಳದ ಹಿಟ್ಟು ಸುರಿದೆ. ಬಿಸಿಗೆ ಮೊಳಕೆಯ ಕಸುವು ಸತ್ತು, ಗಂಜಿ ಗಂಜಿಯಾಗಿಯೇ ಉಳಿಯಿತು. ಮೂರನೆಯದು ಜುಲೈ ಚಳಿಯಲ್ಲಿ. ನೆನೆಸಿದ ಮೆಕ್ಕೆಜೋಳದ ಹಿಟ್ಟನ್ನು ರಾತ್ರಿಯಿಡೀ ಇಟ್ಟರೂ ಹುಳಿ ಬರಲಿಲ್ಲ, ಆದದ್ದಾಗಲಿ ಎಂದು ಬೇಯಿಸಿದೆ, ಎರಡೇ ದಿನಕ್ಕೆ ಲೋಳೆಯಾಗಿ ನಾರಿತು.

"ನನ್ನ ಅಮ್ಮನ ಮಡಕೆ ಹಾಳುಮಾಡಲು ಪೊಲೀಸರು ಬರಬೇಕಿತ್ತು. ನಿನಗೆ ಅವರೂ ಬೇಡ" ಎಂದರು ಗೋಗೋ. ಡರ್ಬನ್ ನಗರಸಭೆ 1909ರಿಂದ ಈ ಬಿಯರಿನ ಮಾರಾಟವನ್ನು ತನ್ನ ಕೈಯಲ್ಲೇ ಇಟ್ಟುಕೊಂಡಿತ್ತು, ಮನೆಯಲ್ಲಿ ಮಾಡುವ ಹೆಂಗಸರ ಮೇಲೆ ಪೊಲೀಸರು ದಾಳಿ ಮಾಡುತ್ತಿದ್ದರು. 1959ರಲ್ಲಿ ಅಲ್ಲಿನ ಕ್ಯಾಟೋ ಮ್ಯಾನರ್ ಬಡಾವಣೆಯ ಹೆಂಗಸರು ಕೋಲು ಹಿಡಿದು ನಗರಸಭೆಯ ಬಿಯರ್ ಹಾಲ್‌ಗಳಿಗೆ ನುಗ್ಗಿದರಲ್ಲ, ಅವರಲ್ಲಿ ಇವರ ಅಮ್ಮನೂ ಇದ್ದರಂತೆ.

ನಾಲ್ಕನೆಯ ಸಲ ಮೊಳಕೆಯನ್ನು ನಾನೇ ಕಟ್ಟಿದೆ. ಐದಾರು ಕಿಲೋ ಕೆಂಪು ಜೋಳ, ಒದ್ದೆ ಗೋಣಿಯಲ್ಲಿ ಐದು ದಿನ, ಆಮೇಲೆ ಬಿಸಿಲು. ಅಗಿದರೆ ಸಿಹಿ ಹತ್ತಬೇಕು, ಅಷ್ಟೇ ಪರೀಕ್ಷೆ. ಹುಳಿಗೆ ಇಟ್ಟ ಮೆಕ್ಕೆಜೋಳದ ಹಿಟ್ಟಿನ ಪಾತ್ರೆಗೆ ಕಂಬಳಿ ಸುತ್ತಿ ಒಲೆಯ ಪಕ್ಕ ಮಲಗಿಸಿದೆ. ಬೇಯಿಸಿದ ಗಂಜಿಯನ್ನು ಮೊಣಕೈ ತಾಳುವವರೆಗೂ ಮುಟ್ಟಲಿಲ್ಲ. ಕೊನೆಗೆ ಎಷ್ಟು ಹಿಡಿ ಮೊಳಕೆ ಹಿಟ್ಟು ಹಾಕಿದೆ ಎಂಬುದು ನನ್ನ ಬಳಿಯೇ ಇರಲಿ. ಬೆಳಗ್ಗೆ ಮಡಕೆ ಗುಸುಗುಟ್ಟುತ್ತಿತ್ತು. ನೈಲಾನ್ ಬಟ್ಟೆಯಲ್ಲಿ ಸೋಸಲು ಹೋಗಬೇಡಿ, ಕಟ್ಟಿಕೊಳ್ಳುತ್ತದೆ. ಹುಲ್ಲಿನಿಂದ ಹೆಣೆದ ಜರಡಿಗೆ ದುಡ್ಡು ಹಾಕಿ. ಸುಮಾರು 180 ರಾಂಡಿಗೆ 20 ಲೀಟರ್ ಸಿಕ್ಕಿತು, ಚರಟ ಕೋಳಿಗಳಿಗೆ.

ನಡುವೆ ರಾಗಿಯಲ್ಲೂ ಒಂದು ಕೈ ನೋಡಿದೆ. ಅಮ್ಮ ಹುರಿಹಿಟ್ಟಿಗೆ ಮಾಡುವಂತೆ ಮೊಳಕೆ ರಾಗಿಯನ್ನು ಹುರಿದು ಹಾಕಿದ್ದು ಸತ್ತೇ ಹೋಯಿತು. ಹುರಿಯದೆ ಹಾಕಿದ್ದು ಚೆನ್ನಾಗಿಯೇ ಉಕ್ಕಿತು. ಗೋಗೋ ರುಚಿ ನೋಡಿ, "ಪರವಾಗಿಲ್ಲ, ಆದರೆ ಇದನ್ನು ನಮ್ಮ ಹಿರಿಯರಿಗೆ ಇಡಲಾರೆ" ಎಂದರು.

ಮಾಡಿದವಳೇ ಮೊದಲ ಗುಟುಕು ಕುಡಿದು ತೋರಿಸುವುದು ಇಲ್ಲಿಯ ಪದ್ಧತಿ. ಶನಿವಾರ ನಾನು ಎರಡು ಗುಟುಕು ಕುಡಿದೆ. ಮುಂದಿನ ತಿಂಗಳು ತಮ್ಮ ಮನೆಯ ಕಾರ್ಯಕ್ಕೆ 60 ಲೀಟರ್ ಬೇಕೆಂದು ಗೋಗೋ ಕೇಳಿದ್ದಾರೆ. ಜೋಳದ ಹಣ ಮುಂಗಡ ಕೊಡಿ ಎಂದಿದ್ದೇನೆ.