ಅಮೆರಿಕ ಸರ್ಕಾರದ ಸಾಲವನ್ನು ಮನೆ ಲೆಕ್ಕದಲ್ಲಿ ನೋಡಿದರೆ

ಅಮೆರಿಕಕ್ಕೆ ಬಂದ ಹೊಸದರಲ್ಲಿ ಸುದ್ದಿ ಹಾಕಿದರೆ ಸಾಕು, ಟ್ರಿಲಿಯನ್ ಎಂಬ ಮಾತು ಕಿವಿಗೆ ಬೀಳುತ್ತದೆ. ಅದು ಎಷ್ಟು ಅಂತ ಮಾತ್ರ ಅಂದಾಜು ಸಿಗುವುದಿಲ್ಲ. ನಮ್ಮ ಲೆಕ್ಕದಲ್ಲಿ ಒಂದು ಟ್ರಿಲಿಯನ್ ಎಂದರೆ ಒಂದು ಲಕ್ಷ ಕೋಟಿ. ಇಷ್ಟು ನೆನಪಿಟ್ಟುಕೊಂಡರೆ ಮುಂದಿನದು ಸುಲಭ.

ಇಲ್ಲಿಯ ಕೇಂದ್ರ ಸರ್ಕಾರದ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರುವಾಗಿ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. 2024ರ ಸೆಪ್ಟೆಂಬರ್‌ಗೆ ಮುಗಿದ ವರ್ಷದಲ್ಲಿ ಸರ್ಕಾರಕ್ಕೆ ಬಂದದ್ದು ಸುಮಾರು 4.92 ಟ್ರಿಲಿಯನ್ ಡಾಲರ್. ಖರ್ಚು ಮಾಡಿದ್ದು 6.75 ಟ್ರಿಲಿಯನ್. ಕಡಿಮೆ ಬಿದ್ದ 1.83 ಟ್ರಿಲಿಯನ್ನನ್ನು ಸಾಲ ತಂದಿತು. ಹಳೆಯದೆಲ್ಲ ಸೇರಿ ಸಾಲ 35 ಟ್ರಿಲಿಯನ್ ದಾಟಿತ್ತು. ಒಂದೇ ವರ್ಷದಲ್ಲಿ, 2025ರ ಅಕ್ಟೋಬರ್‌ನಲ್ಲಿ, ಅದು 38 ಟ್ರಿಲಿಯನ್ ಆಯಿತು.

ಈಗ ಇದನ್ನು ಒಂದು ಮನೆಯ ಅಳತೆಗೆ ಇಳಿಸೋಣ. ಇಲ್ಲಿಯ ಮನೆಗಳನ್ನೆಲ್ಲ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಸರಿಯಾಗಿ ನಡುವೆ ಬರುವ ಮನೆಯ ಆದಾಯ 2024ರಲ್ಲಿ ವರ್ಷಕ್ಕೆ 83,730 ಡಾಲರ್. ಆ ಮನೆ ಸರ್ಕಾರದ ಹಾಗೆ ಬದುಕಿದರೆ ವರ್ಷಕ್ಕೆ ಸುಮಾರು 1,15,000 ಡಾಲರ್ ಖರ್ಚು ಮಾಡುತ್ತದೆ. ಪ್ರತಿ ವರ್ಷ 31,000 ಹೊಸ ಸಾಲ. ತಲೆಯ ಮೇಲೆ ಆಗಲೇ 6 ಲಕ್ಷ ಇದೆ. ಬಡ್ಡಿಗೇ 15,000 ಹೋಗುತ್ತದೆ.

ಹಾಸಿಗೆ ಇದ್ದಷ್ಟೇ ಕಾಲು ಚಾಚು ಅಂತ ಕೇಳಿ ಬೆಳೆದ ನಮಗೆ ಇದನ್ನು ನೋಡಿದರೆ ಗಾಬರಿ ಆಗುತ್ತದೆ, ಅಲ್ವಾ? ಈ ಹೋಲಿಕೆ ಗಾತ್ರ ತಿಳಿಯಲು ಒಳ್ಳೆಯದು. ಆದರೆ ಅದನ್ನೇ ಹಿಡಿದು ತೀರ್ಪು ಕೊಟ್ಟರೆ ತಪ್ಪಾಗುತ್ತದೆ. ಮನೆಯ ಯಜಮಾನನಿಗೆ ವಯಸ್ಸಾಗುತ್ತದೆ, ದುಡಿಮೆ ನಿಲ್ಲುತ್ತದೆ. ಅದಕ್ಕೇ ಬ್ಯಾಂಕು 30 ವರ್ಷದೊಳಗೆ ಸಾಲ ತೀರಿಸು ಅನ್ನುತ್ತದೆ. ಸರ್ಕಾರಕ್ಕೆ ನಿವೃತ್ತಿ ಇಲ್ಲ. ಹಳೇ ಬಾಂಡ್ (ಸಾಲ ಪಡೆದದ್ದಕ್ಕೆ ಸರ್ಕಾರ ಕೊಡುವ ಪತ್ರ) ತೀರುವ ದಿನ ಹೊಸ ಬಾಂಡ್ ಮಾರಿ ಆ ಹಣ ಕೊಡುತ್ತದೆ. ಈ ದೇಶ ಕೇಂದ್ರದ ಸಾಲವನ್ನು ಪೂರ್ತಿ ತೀರಿಸಿದ್ದು ಒಂದೇ ಸಲ, 1835ರಲ್ಲಿ, ಆಂಡ್ರೂ ಜಾಕ್ಸನ್ ಕಾಲದಲ್ಲಿ. ಇನ್ನೊಂದು ವಿಷಯ: ಸಾಲ ಇರುವುದು ಡಾಲರ್‌ನಲ್ಲಿ, ಡಾಲರ್ ಅಚ್ಚಾಗುವುದೂ ಇಲ್ಲೇ. ಸಾಲದಲ್ಲಿ 7 ಟ್ರಿಲಿಯನ್‌ನಷ್ಟು ಸರ್ಕಾರ ತನ್ನದೇ ನಿಧಿಗಳಿಗೆ ಕೊಡಬೇಕಾದದ್ದು. ಸೋಷಿಯಲ್ ಸೆಕ್ಯುರಿಟಿ, ಅಂದರೆ ದುಡಿದವರಿಗೆ ಪಿಂಚಣಿ ಕೊಡುವ ನಿಧಿ, ಅದರಲ್ಲಿ ದೊಡ್ಡದು.

ಹಾಗಾದರೆ ಚಿಂತೆ ಬೇಡವೇ? ಬೇಕು. ನನ್ನ ಪ್ರಕಾರ ನೋಡಬೇಕಾದ್ದು ಒಟ್ಟು ಸಾಲವನ್ನಲ್ಲ, ಬಡ್ಡಿಗೆ ಹೋಗುವ ಹಣವನ್ನು. 2024ರಲ್ಲಿ ಬಡ್ಡಿಗೆ ಹೋದದ್ದು ಸುಮಾರು 88,000 ಕೋಟಿ ಡಾಲರ್. ಸೈನ್ಯಕ್ಕೆ ಮಾಡಿದ ಖರ್ಚಿಗಿಂತ ಅದು ಜಾಸ್ತಿ. ಬಡ್ಡಿಗೆ ಕೊಟ್ಟ ಡಾಲರ್‌ನಿಂದ ಸೇತುವೆಯೂ ಆಗುವುದಿಲ್ಲ, ಆಸ್ಪತ್ರೆಯೂ ಆಗುವುದಿಲ್ಲ. ಸಾಲಗಾರರಿಗೆ ದರ್ಜೆ ಕೊಡುವ ಮೂಡೀಸ್ ಸಂಸ್ಥೆ 2025ರ ಮೇ ತಿಂಗಳಲ್ಲಿ ಅಮೆರಿಕದ ಸಾಲದ ದರ್ಜೆಯನ್ನು ಒಂದು ಮೆಟ್ಟಿಲು ಇಳಿಸಿದಾಗ ಎತ್ತಿದ ಮಾತುಗಳಲ್ಲಿ ಏರುತ್ತಿರುವ ಬಡ್ಡಿಯೂ ಒಂದು. ಅಂಥದೇ ಸಂಸ್ಥೆಗಳಾದ ಎಸ್ ಆಂಡ್ ಪಿ 2011ರಲ್ಲಿ, ಫಿಚ್ 2023ರಲ್ಲಿ ಮೊದಲೇ ಇಳಿಸಿದ್ದವು.

ಇದು ನಮ್ಮ ಮನೆಗೂ ತಟ್ಟುತ್ತದೆ. ಸರ್ಕಾರ 10 ವರ್ಷದ ಬಾಂಡ್‌ಗೆ ಎಷ್ಟು ಬಡ್ಡಿ ಕೊಡಬೇಕಾಗುತ್ತದೋ, ನಿಮ್ಮ ಮಾರ್ಟ್‌ಗೇಜ್ (ಮನೆ ಸಾಲ) ದರ ಹೆಚ್ಚುಕಮ್ಮಿ ಅದರ ಬೆನ್ನ ಹಿಂದೆಯೇ ಹೋಗುತ್ತದೆ. ಮನೆ ಕೊಳ್ಳುವ ಯೋಚನೆ ಇದ್ದರೆ ಇಲ್ಲಿಯ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಸಭೆಯ ಸುದ್ದಿ ಜೊತೆಗೆ ಈ ದರವನ್ನೂ ನೋಡುತ್ತಿರಿ.

ಪೇ ಸ್ಟಬ್ (ಸಂಬಳದ ಚೀಟಿ) ತೆಗೆದು ನೋಡಿ. ಸೋಷಿಯಲ್ ಸೆಕ್ಯುರಿಟಿಗೆ ಶೇ. 6.2, ವಯಸ್ಸಾದವರ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಶೇ. 1.45 ಮುರಿದಿರುತ್ತದೆ. ಕಂಪನಿಯೂ ಅಷ್ಟೇ ಹಾಕುತ್ತದೆ. ಸರ್ಕಾರದ ಖರ್ಚಿನಲ್ಲಿ ಅತಿ ದೊಡ್ಡ ಪಾಲು ಈ ಸೋಷಿಯಲ್ ಸೆಕ್ಯುರಿಟಿಯದೇ. ಪಿಂಚಣಿ ಬೇಕೆಂದರೆ 40 ಕ್ರೆಡಿಟ್ ಆಗಬೇಕು, ಅಂದರೆ ಕಡಿಮೆ ಎಂದರೂ ಹತ್ತು ವರ್ಷದ ದುಡಿಮೆ. ಭಾರತಕ್ಕೂ ಅಮೆರಿಕಕ್ಕೂ ಈ ವಿಷಯದಲ್ಲಿ ಒಪ್ಪಂದ ಇಲ್ಲ. ಎಂಟು ವರ್ಷ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ದುಡಿದು ಊರಿಗೆ ಹೋದವರ ಹಣ ಇಲ್ಲೇ ಉಳಿಯುತ್ತದೆ. ಇದು ಅನ್ಯಾಯ ಅಂತಲೇ ನನಗೆ ಅನ್ನಿಸುತ್ತದೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಇರುವ ಹುಡುಗ ಹುಡುಗಿಯರಿಗೆ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಈ ಕಡಿತ ಇಲ್ಲ. ತಪ್ಪಿ ಮುರಿದಿದ್ದರೆ ಮೊದಲು ಕಂಪನಿಯನ್ನು ಕೇಳಿ. ಅವರು ಕೊಡದಿದ್ದರೆ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ 843 ನಂಬರಿನ ಫಾರಂ ಹಾಕಬಹುದು.

ಶಟ್‌ಡೌನ್ ಮತ್ತು ಡೆಟ್ ಸೀಲಿಂಗ್ ಎರಡೂ ಒಂದೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ಹೊಸ ವರ್ಷದ ಖರ್ಚಿಗೆ ಸಂಸತ್ತು ಒಪ್ಪಿಗೆ ಕೊಡದಿದ್ದರೆ ಕಚೇರಿಗಳು ಮುಚ್ಚುತ್ತವೆ, ಅದು ಶಟ್‌ಡೌನ್. ಆಗಲೇ ಒಪ್ಪಿದ ಖರ್ಚಿಗೆ ಸಾಲ ತರಲು ಇರುವ ಮಿತಿ ಡೆಟ್ ಸೀಲಿಂಗ್. ಇದರ ಬೇರು 1917ರ ಕಾನೂನಿನಲ್ಲಿದೆ. 2025ರ ಜುಲೈನಲ್ಲಿ ಆ ಮಿತಿಯನ್ನು 5 ಟ್ರಿಲಿಯನ್ ಏರಿಸಿದರು. ಅಷ್ಟಾದರೂ ಅದೇ ವರ್ಷ ಅಕ್ಟೋಬರ್ 1ರಿಂದ 43 ದಿನ ಶಟ್‌ಡೌನ್ ಆಯಿತು. ಇಮಿಗ್ರೇಷನ್ ಕಚೇರಿ ಹೆಚ್ಚಾಗಿ ನಮ್ಮ ಫೀಸಿನಿಂದಲೇ ನಡೆಯುವುದರಿಂದ ಅದು ತೆರೆದಿತ್ತು. ಆದರೆ ಎಚ್-1ಬಿಗೆ ಬೇಕಾದ ಎಲ್‌ಸಿಎ ಮತ್ತು ಗ್ರೀನ್ ಕಾರ್ಡ್‌ಗೆ ಬೇಕಾದ ಪರ್ಮ್ ಅರ್ಜಿಗಳನ್ನು ನೋಡುವ ಕಾರ್ಮಿಕ ಇಲಾಖೆಯ ಕೆಲಸ ಆ ಅಕ್ಟೋಬರ್ ಪೂರ್ತಿ ಹೆಚ್ಚುಕಮ್ಮಿ ನಿಂತೇ ಹೋಯಿತು. ಕೆಲಸ ಬದಲಿಸುವ ಯೋಚನೆ ಇದ್ದರೆ ಕಾಗದಪತ್ರ ಸೆಪ್ಟೆಂಬರ್ ಮುಗಿಯುವುದರೊಳಗೆ ಹಾಕಿಸಿಕೊಳ್ಳಿ.

ಇಷ್ಟು ಸಾಲ ಕೊಟ್ಟವರು ಯಾರು? ಹೊರದೇಶಗಳಲ್ಲಿ ಜಪಾನ್ ಮುಂದಿದೆ, ಒಂದು ಟ್ರಿಲಿಯನ್‌ಗಿಂತ ಜಾಸ್ತಿ. ಆದರೆ ಹೆಚ್ಚಿನ ಪಾಲು ಇಲ್ಲಿಯವರದ್ದೇ: ಪಿಂಚಣಿ ನಿಧಿ, ಬ್ಯಾಂಕು, ಮ್ಯೂಚುವಲ್ ಫಂಡ್. ನಿಮ್ಮ 401-ಕೆ ನಿವೃತ್ತಿ ಖಾತೆಯಲ್ಲಿ ಬಾಂಡ್ ಫಂಡ್ ಇದ್ದರೆ ಅದರಲ್ಲಿ ಸರ್ಕಾರಕ್ಕೆ ಕೊಟ್ಟ ಸಾಲವೂ ಇರುವ ಸಾಧ್ಯತೆ ಹೆಚ್ಚು. ಟ್ರೆಷರಿ ಡೈರೆಕ್ಟ್ ಎಂಬ ಸರ್ಕಾರಿ ತಾಣದಲ್ಲಿ 100 ಡಾಲರ್‌ನಿಂದಲೇ ಟ್ರೆಷರಿ ಬಿಲ್ (ಕಡಿಮೆ ಅವಧಿಯ ಸರ್ಕಾರಿ ಸಾಲಪತ್ರ) ಕೊಳ್ಳಬಹುದು. ಅದರ ಬಡ್ಡಿಗೆ ಕೇಂದ್ರದ ತೆರಿಗೆ ಉಂಟು, ರಾಜ್ಯದ ಆದಾಯ ತೆರಿಗೆ ಇಲ್ಲ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯಂಥ ಕಡೆ ಇರುವವರು ಬ್ಯಾಂಕಿನ ಎಫ್‌ಡಿ ಥರದ ಸಿಡಿಯಲ್ಲಿ ಹಣ ಇಡುವ ಮುಂಚೆ ಈ ಒಂದು ಲೆಕ್ಕ ಹಾಕಿ ನೋಡಿ.